ಮೈಕ್ರೋಸ್ಕೋಪ್ ಜೊತೆ ಇನ್ಮುಂದೆ ಗಾಜಿನ ಸ್ಕೇಲೂ ಬರುತ್ತದೆ

ಪ್ರಿಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ 1ನೇ ತಾರೀಖಿನಿಂದ, ಕಂಪ್ಯೂಟರಿಗೆ ಸಿಕ್ಕಿಸಿ ಸಣ್ಣ ವಸ್ತುಗಳನ್ನು ದೊಡ್ಡದಾಗಿ ನೋಡುವ, ಅಳೆಯುವ ಯುಎಸ್‌ಬಿ ಮೈಕ್ರೋಸ್ಕೋಪನ್ನು ಬಾಕ್ಸಿನಲ್ಲಿ ಬಂದ ಹಾಗೇ ನಿಮ್ಮ ಕೈಗೆ ಕೊಡುವುದನ್ನು ನಾವು ನಿಲ್ಲಿಸುತ್ತಿದ್ದೇವೆ. ಪ್ರತಿಯೊಂದರ ಜೊತೆ ಒಂದು ಗಾಜಿನ ಸ್ಕೇಲು, ಗಟ್ಟಿ ಕಂಬದ ಸ್ಟ್ಯಾಂಡು, ಆ ಮೈಕ್ರೋಸ್ಕೋಪನ್ನು ನಾವೇ ಪರೀಕ್ಷೆ ಮಾಡಿ ಬರೆದ ಒಂದು ಹಾಳೆ ಇರುತ್ತದೆ. ಬೆಲೆ 1,850 ರೂಪಾಯಿ ಇದ್ದದ್ದು 2,900 ಆಗುತ್ತದೆ. ಸಾವಿರ ರೂಪಾಯಿ ಜಾಸ್ತಿ ಮಾಡಿ ಸುಮ್ನೆ ಇರುವುದು ಸರಿಯಲ್ಲ. ಅದಕ್ಕೇ ಈ ಪತ್ರ.

ಎರಡು ತಿಂಗಳ ಹಿಂದೆ ರಾಜಾಜಿನಗರದಿಂದ ಒಬ್ಬರು ಬಂದಿದ್ದರು. ಮನೆಯ ಕಾರ್ ಶೆಡ್ಡಿನಲ್ಲಿ ಸಣ್ಣ ಲೇತ್ ಇಟ್ಟುಕೊಂಡು ಹಳೇ ಗೋಡೆ ಗಡಿಯಾರಗಳಿಗೆ ಬಿಡಿಭಾಗ ಮಾಡುವವರು. ಕರ್ಚೀಫು ಬಿಚ್ಚಿ ಒಂದು ಹಿತ್ತಾಳೆ ತುಂಡನ್ನು ಕೌಂಟರ್ ಮೇಲಿಟ್ಟರು. ಅದರಲ್ಲಿದ್ದ ಸ್ಲಾಟ್, ಅಂದರೆ ಸೀಳು, ನಮ್ಮ ಮೈಕ್ರೋಸ್ಕೋಪಿನಲ್ಲಿ 3.00 ಮಿ.ಮೀ. ತೋರಿಸಿತ್ತು. ಅದರಲ್ಲಿ ಕೂರಬೇಕಾದ ಕೀ, ಅಂದರೆ ಈ ತುಂಡನ್ನೂ ಚಕ್ರವನ್ನೂ ಜೋಡಿಸುವ ಸಣ್ಣ ಲೋಹದ ತುಂಡು, 2.98. ಹೋಗಬೇಕು, ಆದರೆ ಹೋಗುತ್ತಿರಲಿಲ್ಲ. ಅಳತೆ ಸರಿಯಿದೆ, ಕೀಯಲ್ಲೇ ಏನೋ ತಪ್ಪಿದೆ ಅಂದುಕೊಂಡು ಅವರು ಕೀಯನ್ನು ಅರದಲ್ಲಿ ಉಜ್ಜಿದರು. ಆಮೇಲೆ ಅದು ಇಲ್ಲಿ ಕೂತಿತು, ಅತ್ತ ಚಕ್ರದ ಸ್ಲಾಟಿನಲ್ಲಿ ಅಲ್ಲಾಡತೊಡಗಿತು. ಒಂದು ಭಾನುವಾರ ಪೂರ್ತಿ ಹೋಯಿತು. ನಾವು ಸ್ಲಿಪ್ ಗೇಜ್ (ದಪ್ಪ ಕರಾರುವಾಕ್ಕಾಗಿ ಗೊತ್ತಿರುವ ಸ್ಟೀಲ್ ಬಿಲ್ಲೆ) ಹಾಕಿ ನೋಡಿದೆವು. ಸ್ಲಾಟ್ 2.93 ಇತ್ತು.

70 ಮೈಕ್ರಾನ್, ಅಂದರೆ 0.07 ಮಿ.ಮೀ. ವ್ಯತ್ಯಾಸ. 1953ರಲ್ಲಿ ಎಚ್‌ಎಂಟಿ ಶುರುವಾದ ಊರು ಇದು. ಅಲ್ಲಿ, ಬಿಇಎಲ್‌ನಲ್ಲಿ, ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು ನಮ್ಮ ಗ್ರಾಹಕರಲ್ಲಿ ತುಂಬಾ ಜನ ಇದ್ದೀರಿ. 70 ಮೈಕ್ರಾನ್ ಅಂದರೆ ಎಷ್ಟು ಅಂತ ನಿಮಗೆ ಹೇಳಬೇಕಾಗಿಲ್ಲ.

ತಪ್ಪು ಅವರದಲ್ಲ, ನಮ್ಮದು. ನಾವು ಜೊತೆಗೆ ಕೊಡುತ್ತಿದ್ದ ಚೀಟಿಯಲ್ಲಿ ‘ಒಂದು ಸಲ ಕ್ಯಾಲಿಬ್ರೇಟ್ ಮಾಡಿದರೆ ಸಾಕು’ ಅಂತ ಬರೆದಿದ್ದೆವು. ಕ್ಯಾಲಿಬ್ರೇಟ್ ಅಂದರೆ ಸ್ಕೇಲ್ ತೋರಿಸಿ, ಒಂದು ಮಿ.ಮೀ.ಗೆ ಚಿತ್ರದಲ್ಲಿ ಎಷ್ಟು ಪಿಕ್ಸೆಲ್ (ಚುಕ್ಕಿ) ಅಂತ ಸಾಫ್ಟ್‌ವೇರಿಗೆ ಹೇಳಿಕೊಡುವುದು. ಅವರು ಹಾಗೇ ಮಾಡಿದ್ದರು. ಸ್ಕೇಲನ್ನು ಟೇಬಲ್ ಮೇಲಿಟ್ಟು ಕ್ಯಾಲಿಬ್ರೇಟ್ ಮಾಡಿದರು, ಆಮೇಲೆ ಜಾಬ್, ಅಂದರೆ ಅಳೆಯಬೇಕಾದ ತುಂಡು, ಇಟ್ಟರು. ಜಾಬ್ ಎತ್ತರ ಇದೆ, ಚಿತ್ರ ಮಸುಕಾಯಿತು. ಮೈಕ್ರೋಸ್ಕೋಪನ್ನು ಅಂದಾಜಿಗೆ ಮೇಲೆತ್ತಿ, ಉಳಿದದ್ದಕ್ಕೆ ನಾಬ್ ಚೂರೇ ಚೂರು ತಿರುಗಿಸಿ ಶಾರ್ಪ್ ಮಾಡಿಕೊಂಡರು. ಎಡವಟ್ಟಾಗಿದ್ದು ಅಲ್ಲೇ. ಈ ಮೈಕ್ರೋಸ್ಕೋಪುಗಳಿಗೆ ಇರುವುದು ಒಂದೇ ನಾಬ್. ಅದು ಫೋಕಸ್ ಬದಲಿಸುವಾಗ ಚಿತ್ರದ ಗಾತ್ರವನ್ನೂ ಬದಲಿಸುತ್ತದೆ. ಗಾತ್ರ ಬದಲಾಗಿದ್ದು ಕಣ್ಣಿಗೆ ಗೊತ್ತಾಗುವುದಿಲ್ಲ, ಸಾಫ್ಟ್‌ವೇರಿಗೂ ಗೊತ್ತಾಗುವುದಿಲ್ಲ. ಅದು ಹಳೇ ಲೆಕ್ಕದಲ್ಲೇ ಎರಡು ದಶಾಂಶ ಸ್ಥಾನದವರೆಗೆ ಅಂಕಿ ತೋರಿಸುತ್ತಾ ಹೋಗುತ್ತದೆ.

ಹಾಗಾಗಿ ದಯವಿಟ್ಟು ಇದೊಂದನ್ನು ನೆನಪಿಡಿ. ಕ್ಯಾಲಿಬ್ರೇಟ್ ಆದ ಮೇಲೆ ನಾಬ್‌ಗೆ ಟೇಪ್ ಸುತ್ತಿ. ಫೋಕಸ್ ಬೇಕಾದರೆ ಇಡೀ ಮೈಕ್ರೋಸ್ಕೋಪನ್ನೇ ಕಂಬದಲ್ಲಿ ಮೇಲೆ ಕೆಳಗೆ ಸರಿಸಿ. ಆಗ ಚಿತ್ರ ಶಾರ್ಪ್ ಆದಾಗಲೆಲ್ಲ ಲೆನ್ಸಿಗೂ ಜಾಬಿಗೂ ನಡುವಿನ ದೂರ ಒಂದೇ ಇರುತ್ತದೆ, ಅಳತೆಯೂ ಸರಿಯಿರುತ್ತದೆ. ಮೊದಲು ಬರುತ್ತಿದ್ದ ಬಾಗುವ ಕತ್ತಿನ ಸ್ಟ್ಯಾಂಡಿನಲ್ಲಿ ಇದು ಆಗದ ಮಾತು. ಅದು ಮುಟ್ಟಿದರೆ ಓಲಾಡುತ್ತದೆ, ಓರೆಯಾಗಿ ನಿಲ್ಲುತ್ತದೆ. 5 ಡಿಗ್ರಿ ಓರೆಯಾದರೂ 5 ಮಿ.ಮೀ. ಅಳತೆಯಲ್ಲಿ ಸುಮಾರು 0.02 ತಿಂದುಹಾಕುತ್ತದೆ. ಅದಕ್ಕೇ ಕಂಬದ ಸ್ಟ್ಯಾಂಡು. ಬೆಲೆ ಏರಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಅದರದ್ದೇ.

ಇನ್ನು ಬಾಕ್ಸಿನ ಮೇಲಿನ ‘1000 ಎಕ್ಸ್’, ಅಂದರೆ ಸಾವಿರ ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅನ್ನುವ ಮಾತು. ಆ ಅಂಕಿಯನ್ನು ನಂಬಿ ಕೊಳ್ಳಬೇಡಿ. ಒಂದೇ ಚಿತ್ರ ಮೊಬೈಲಿನಲ್ಲಿ ಒಂದು ಗಾತ್ರ, ಟಿವಿಯಲ್ಲಿ ಇನ್ನೊಂದು ಗಾತ್ರ, ಅಲ್ವಾ? ಕೇಳಬೇಕಾದದ್ದು, ಚಿತ್ರದ ಅಗಲದಲ್ಲಿ ಎಷ್ಟು ಮಿ.ಮೀ. ಕಾಣುತ್ತದೆ, ಅದರಲ್ಲಿ ನಿಜವಾದ ಪಿಕ್ಸೆಲ್ ಎಷ್ಟು ಅಂತ. 6.4 ಮಿ.ಮೀ. ಅಗಲಕ್ಕೆ 1,280 ಪಿಕ್ಸೆಲ್ ಇದ್ದರೆ ಒಂದು ಪಿಕ್ಸೆಲ್ ಅಂದರೆ 5 ಮೈಕ್ರಾನ್. ‘ನಿಜವಾದ’ ಅಂದಿದ್ದಕ್ಕೆ ಕಾರಣ ಇದೆ. ಬಾಕ್ಸಿನ ಮೇಲೆ 5 ಮೆಗಾಪಿಕ್ಸೆಲ್ ಅಂತ ಇದ್ದರೂ ಒಳಗಿನ ಸೆನ್ಸರ್ ಎಷ್ಟೋ ಸಲ ಅದಕ್ಕಿಂತ ಚಿಕ್ಕದು. ಉಳಿದ ಪಿಕ್ಸೆಲ್ ಸಾಫ್ಟ್‌ವೇರ್ ಲೆಕ್ಕ ಹಾಕಿ ತುಂಬಿಸಿದ್ದು. ನಮ್ಮ ಹಾಳೆಯಲ್ಲಿ ನಿಜವಾದ ಲೆಕ್ಕ ಇರುತ್ತದೆ. ಚಿತ್ರದ ನಡುವಿನಲ್ಲೂ ನಾಲ್ಕು ಮೂಲೆಗಳಲ್ಲೂ ಸ್ಕೇಲ್ ಇಟ್ಟು ನೋಡಿರುತ್ತೇವೆ. ಮೂಲೆಯಲ್ಲಿ ಲೆನ್ಸ್ ಎಳೆದಂತೆ ತೋರಿಸಿದರೆ ಅದನ್ನೂ ಬರೆಯುತ್ತೇವೆ.

ಗಾಜಿನ ಸ್ಕೇಲು ಅಂದೆವಲ್ಲ, ಆ ಸ್ಲೈಡಿನಲ್ಲಿ ಎರಡು ಸ್ಕೇಲ್ ಇವೆ. ಒಂದು, 1 ಮಿ.ಮೀ. ಉದ್ದವನ್ನು 100 ಭಾಗ ಮಾಡಿದ್ದು. ಇನ್ನೊಂದು 10 ಮಿ.ಮೀ. ಉದ್ದದ್ದು, ಗೆರೆಯಿಂದ ಗೆರೆಗೆ 0.1. ಸಣ್ಣ ಗೆರೆಗಳೇ ಜಾಸ್ತಿ ಕರಾರುವಾಕ್ಕು ಅಂತ ಎಲ್ಲರ ಕೈಯೂ ಮೊದಲನೆಯದಕ್ಕೇ ಹೋಗುತ್ತದೆ. ಕ್ಯಾಲಿಬ್ರೇಟ್ ಮಾಡುವುದಕ್ಕೆ ಎರಡನೆಯದನ್ನೇ ಬಳಸಿ. ಮೇಲಿನ ಲೆಕ್ಕದಲ್ಲಿ 1 ಮಿ.ಮೀ.ಗೆ ಬರುವುದು 200 ಪಿಕ್ಸೆಲ್, ಅದರಲ್ಲಿ ಒಂದು ಪಿಕ್ಸೆಲ್ ತಪ್ಪಿದರೂ ಅರ್ಧ ಪರ್ಸೆಂಟ್ ಹೋಯಿತು. 6 ಮಿ.ಮೀ. ಉದ್ದಕ್ಕೆ ಗುರುತು ಹಾಕಿದರೆ 1,200 ಪಿಕ್ಸೆಲ್ ಸಿಗುತ್ತದೆ, ಅದೇ ಒಂದು ಪಿಕ್ಸೆಲ್ ತಪ್ಪಿಗೆ ಬೆಲೆಯೇ ಇರುವುದಿಲ್ಲ. ಸಾಫ್ಟ್‌ವೇರ್ ಬೇಕಿದ್ದರೆ ಇಮೇಜ್‌ಜೆ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವಿಜ್ಞಾನಿಗಳಿಗಾಗಿ ಬರೆದದ್ದು, ದುಡ್ಡು ಕೊಡಬೇಕಿಲ್ಲ.

ಸೆಟ್ಟಿಂಗ್ ಸರಿ ಇದೆಯಾ ಅಂತ ಮನೆಯಲ್ಲೇ ನೋಡಿಕೊಳ್ಳಲು ನಮಗೆ ಇಷ್ಟವಾದ ದಾರಿ ಒಂದಿದೆ. ಒಂದು ಒಳ್ಳೆಯ ಎಂ3 (3 ಮಿ.ಮೀ. ದಪ್ಪದ) ಸ್ಕ್ರೂ ತೆಗೆದುಕೊಳ್ಳಿ. ಹಿಂದೆ ಮೊಬೈಲ್ ಇಟ್ಟು ಪರದೆಯನ್ನು ಪೂರ್ತಿ ಬಿಳಿ ಮಾಡಿ. ಸ್ಕ್ರೂ ಕಪ್ಪಾಗಿ, ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಒಂದು ಹಲ್ಲಿನ ಎಡ ಅಂಚಿಗೆ ಗುರುತು ಹಾಕಿ, ಅಲ್ಲಿಂದ ಹತ್ತು ಹಲ್ಲು ಎಣಿಸಿ, ಮತ್ತೆ ಎಡ ಅಂಚಿಗೇ ಇನ್ನೊಂದು ಗುರುತು ಹಾಕಿ. ಪಿಚ್, ಅಂದರೆ ಹಲ್ಲಿನಿಂದ ಹಲ್ಲಿಗೆ ದೂರ, 0.5 ಮಿ.ಮೀ., ಹಾಗಾಗಿ 5.00 ಬರಬೇಕು. 5.10 ಬಂದರೆ ನಾಬ್ ಅಲುಗಿದೆ ಅಂತ ಲೆಕ್ಕ. ಎರಡೂ ಸಲ ಎಡ ಅಂಚನ್ನೇ ಹಿಡಿಯಬೇಕು. ಬೆಳಕಿನಿಂದ ಅಂಚು ಎಷ್ಟು ಮಸುಕಾದರೂ ಎರಡೂ ಕಡೆ ಅಷ್ಟೇ ಮಸುಕಾಗುತ್ತದೆ, ಅದು ಕಳೆದುಹೋಗುತ್ತದೆ. ತೂತಿನಿಂದ ತೂತಿಗೆ ದೂರ ಅಳೆಯುವಾಗಲೂ ಹೀಗೇ ಮಾಡಿ.

ಸ್ಲಾಟಿನ ಅಗಲಕ್ಕೆ ಈ ಅನುಕೂಲ ಇಲ್ಲ. ಅಲ್ಲಿ ಒಂದು ಎಡ ಅಂಚು, ಒಂದು ಬಲ ಅಂಚು. ಬೆಳಕು ಸರಿಯಿಲ್ಲದಿದ್ದರೆ ಎರಡೂ ಕಡೆ ತಪ್ಪು ಸೇರಿಕೊಳ್ಳುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ ಹೊಳೆಯುವಾಗ ಎಲ್‌ಇಡಿ ಉಂಗುರಕ್ಕೆ ಬಟರ್ ಪೇಪರ್ ಅಂಟಿಸಿ. ಇಷ್ಟು ಮಾಡಿದರೆ ಚಿತ್ರದ ನಡುಭಾಗದಲ್ಲಿ, ಮೂರು ನಾಲ್ಕು ಮಿ.ಮೀ. ಅಳತೆಗೆ, 0.02 ಆಚೀಚೆ ನಂಬಬಹುದು ಅನ್ನುವುದು ನಮ್ಮ ಕೈಯ ಅನುಭವ. ಅದಕ್ಕಿಂತ ಜಾಸ್ತಿ ಭರವಸೆ ನಾವು ಕೊಡುವುದಿಲ್ಲ. ಮೈಕ್ರೋಮೀಟರ್ ಬಾಯಿ ಹೋಗುವ ಕಡೆ ಮೈಕ್ರೋಮೀಟರನ್ನೇ ಬಳಸಿ.

ಲೇತಿಗೋ ಮಿಲ್ಲಿಂಗಿಗೋ ಡಿಜಿಟಲ್ ರೀಡ್‌ಔಟ್ (ಟೇಬಲ್ ಎಷ್ಟು ಸರಿಯಿತು ಅಂತ ಅಂಕಿಯಲ್ಲಿ ತೋರಿಸುವ ಸಾಧನ) ಹಾಕಿಸಿದವರಿಗೆ ಇನ್ನೂ ಒಳ್ಳೆಯ ದಾರಿ ಇದೆ. ಮೈಕ್ರೋಸ್ಕೋಪನ್ನು ಅಲುಗದ ಹಾಗೆ ಕಟ್ಟಿ, ಪರದೆಯ ನಡುವೆ ಕ್ರಾಸ್ ಗೆರೆ ಇಟ್ಟುಕೊಳ್ಳಿ. ಒಂದು ಅಂಚನ್ನು ಗೆರೆಗೆ ತಂದು ಸೊನ್ನೆ ಮಾಡಿ, ಟೇಬಲ್ ಸರಿಸಿ, ಇನ್ನೊಂದು ಅಂಚನ್ನು ಗೆರೆಗೆ ತನ್ನಿ. ಅಳೆಯುವುದು ರೀಡ್‌ಔಟ್, ಮೈಕ್ರೋಸ್ಕೋಪ್ ಬರೀ ಬೊಟ್ಟು ತೋರಿಸುತ್ತದೆ. ಬರೀ ಡಯಲ್ ಇದ್ದರೂ ಆಗುತ್ತದೆ, ಆದರೆ ಬ್ಯಾಕ್‌ಲ್ಯಾಶ್ (ಹಿಡಿ ತಿರುಗಿಸುವಾಗ ಸ್ಕ್ರೂವಿನಲ್ಲಿರುವ ಸಡಿಲ) ಇರುವುದರಿಂದ ಎರಡೂ ಸಲ ಒಂದೇ ಕಡೆಯಿಂದ ಬನ್ನಿ.

ಬಿಸಿಲಿಗೆ ಲೋಹ ಹಿಗ್ಗಿ ಅಳತೆ ತಪ್ಪುತ್ತದೆಯಾ ಅಂತ ಕೆಲವರು ಕೇಳಿದ್ದೀರಿ. ಅಳತೆಯ ಲೆಕ್ಕವೆಲ್ಲ 20 ಡಿಗ್ರಿಗೆ. ಏಪ್ರಿಲ್ ಮಧ್ಯಾಹ್ನ ಶೆಡ್ 34 ಡಿಗ್ರಿ ಇದ್ದರೂ 25 ಮಿ.ಮೀ. ಸ್ಟೀಲ್ ಹಿಗ್ಗುವುದು ಸುಮಾರು 4 ಮೈಕ್ರಾನ್. ಈ ಕೆಲಸಕ್ಕೆ ಅದನ್ನು ಮರೆತುಬಿಡಿ.

ನಮ್ಮ ಹಾಳೆ ಸರ್ಟಿಫಿಕೇಟ್ ಅಲ್ಲ. ಎನ್‌ಎಬಿಎಲ್ (ಪರೀಕ್ಷಾ ಲ್ಯಾಬುಗಳನ್ನು ಪರಿಶೀಲಿಸಿ ಒಪ್ಪುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನಲ್ಲಿ ಪರೀಕ್ಷೆ ಆದ ಒಂದು ಸ್ಲೈಡ್ ನಮ್ಮಲ್ಲಿದೆ. ನಿಮಗೆ ಕೊಡುವ ಪ್ರತಿ ಸ್ಲೈಡನ್ನೂ ಅದರ ಪಕ್ಕ ಇಟ್ಟು ನೋಡಿ ಕೊಡುತ್ತೇವೆ, ಅಷ್ಟೇ. ಕಂಪನಿಗೆ ಜಾಬ್ ಮಾಡಿಕೊಡುವವರು, ಕಾಗದ ಬೇಕಾದವರು ಅಂಥ ಲ್ಯಾಬಿಗೋ ತುಮಕೂರು ರಸ್ತೆಯಲ್ಲಿರುವ ಕೇಂದ್ರ ಸರ್ಕಾರದ ತಯಾರಿಕಾ ತಂತ್ರಜ್ಞಾನ ಸಂಸ್ಥೆ ಸಿಎಂಟಿಐಗೋ ಹೋಗಬೇಕು.

ಈಗಾಗಲೇ ನಮ್ಮಿಂದ ಮೈಕ್ರೋಸ್ಕೋಪ್ ಕೊಂಡವರು ಹೊಸದು ಕೊಳ್ಳಬೇಕಾಗಿಲ್ಲ. ಯಾವುದೇ ಶನಿವಾರ ಬೆಳಿಗ್ಗೆ 10ರಿಂದ 1ರ ಒಳಗೆ ತನ್ನಿ. ಎದುರಿಗೇ ಪರೀಕ್ಷೆ ಮಾಡಿ ಹಾಳೆ ಬರೆದುಕೊಡುತ್ತೇವೆ, ದುಡ್ಡು ಬೇಡ. ಸ್ಲೈಡ್ ಬೇಕಾದರೆ ನಮಗೆ ಬಿದ್ದ ಬೆಲೆಗೇ, 450 ರೂಪಾಯಿ. ಹಳೇ ಸ್ಟ್ಯಾಂಡ್ ವಾಪಸ್ ಕೊಟ್ಟರೆ ಹೊಸ ಸ್ಟ್ಯಾಂಡಿನಲ್ಲಿ 100 ರೂಪಾಯಿ ಕಳೆಯುತ್ತೇವೆ. ರಾಜಾಜಿನಗರದವರಿಗೆ ಸ್ಟ್ಯಾಂಡು, ಸ್ಲೈಡು ಎರಡನ್ನೂ ಹಾಗೇ ಕೊಟ್ಟಿದ್ದೇವೆ, ಹೊಸ ಕೀಗೆ ಸ್ಟೀಲ್ ತುಂಡನ್ನೂ ಕೊಟ್ಟಿದ್ದೇವೆ.

ಬರುವಾಗ ನಾಬ್‌ಗೆ ಈಗಲೇ ಟೇಪ್ ಹಾಕಿಕೊಂಡು ಬನ್ನಿ. ನೀವು ಇಷ್ಟು ದಿನ ಅಳೆದದ್ದು ಎಷ್ಟು ಆಚೀಚೆ ಇತ್ತು ಅಂತ ಆಗ ಗೊತ್ತಾಗುತ್ತದೆ. ಅಳತೆಯಲ್ಲಿ ಅನುಮಾನ ಬಂದ ಜಾಬ್ ಇದ್ದರೆ ಅದನ್ನೂ ತನ್ನಿ, ಸ್ಲಿಪ್ ಗೇಜ್ ಹಾಕಿ ಒಟ್ಟಿಗೆ ನೋಡೋಣ.

ಇಂತಿ,
ನಿಮ್ಮ ಟೂಲ್ ಅಂಗಡಿಯವರು
ಪೀಣ್ಯ, ಬೆಂಗಳೂರು