ಮುಂದಿನ ತಿಂಗಳಿಂದ ನಮ್ಮ ಬಿಲ್ಲಿನಲ್ಲಿ ಕೊಂಡ ಬೆಲೆಯೂ ಇರುತ್ತದೆ

ಶಿಡ್ಲಘಟ್ಟ ಮತ್ತು ಸುತ್ತಲ ಹಳ್ಳಿಗಳ ನಮ್ಮ ಗ್ರಾಹಕರಿಗೆ, ಸಂಘದ ಷೇರುದಾರರಿಗೆ ನಮಸ್ಕಾರ.

ವಿಷಯಕ್ಕೆ ನೇರವಾಗಿ ಬರುತ್ತೇವೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಸಂಘದ ಮೆಡಿಕಲ್ ಅಂಗಡಿಯಲ್ಲಿ ಜೆನೆರಿಕ್ ಮಾತ್ರೆಗಳನ್ನು, ಅಂದರೆ ಹೆಸರಾದ ಬ್ರ್ಯಾಂಡಿನ ಬದಲು ಒಳಗಿನ ಔಷಧಿಯ ಹೆಸರಲ್ಲೇ ಮಾರುವ ಮಾತ್ರೆಗಳನ್ನು, ಎಂಆರ್‌ಪಿಗೆ ಮಾರುವುದಿಲ್ಲ. ಅಂಗಡಿ ಕೊಂಡ ಬೆಲೆಗೆ ನೂರಕ್ಕೆ 16 ಸೇರಿಸಿ ಮಾರುತ್ತೇವೆ. ಕೊಂಡ ಬೆಲೆ ಎಷ್ಟು ಅನ್ನುವುದೂ ಬಿಲ್ಲಿನಲ್ಲೇ ಇರುತ್ತದೆ.

ಯಾಕೆ ಅಂತ ಕೇಳುತ್ತೀರಿ. ಡಾಕ್ಟರುಗಳು ಔಷಧಿಯ ಮೂಲ ಹೆಸರು, ಅಂದರೆ ಜೆನೆರಿಕ್ ಹೆಸರು ಬರೆಯಬೇಕು ಅನ್ನುವ ನಿಯಮ ಹೊಸದೇನಲ್ಲ. 2002ರ ವೈದ್ಯಕೀಯ ನಡವಳಿಕೆ ನಿಯಮದಲ್ಲಿ ‘ಆದಷ್ಟು ಮಟ್ಟಿಗೆ’ ಬರೆಯಿರಿ ಅಂತಿತ್ತು. 2016ರಲ್ಲಿ ಆ ‘ಆದಷ್ಟು’ ತೆಗೆದು, ಓದಲು ಬರುವ ಹಾಗೆ, ಸಾಧ್ಯವಾದರೆ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರದಲ್ಲಿ ಬರೆಯಿರಿ ಅಂತ ಮಾಡಿದರು. 2023ರ ಆಗಸ್ಟ್‌ನಲ್ಲಿ ಇನ್ನೂ ಬಿಗಿ ನಿಯಮ ಬಂತು, ವೈದ್ಯರ ಸಂಘ ವಿರೋಧಿಸಿತು, ಅದೇ ತಿಂಗಳು ಅದನ್ನು ತಡೆಹಿಡಿದರು, ಮತ್ತೆ ಹಳೇ ನಿಯಮವೇ ಗತಿಯಾಯಿತು. ಇಷ್ಟೆಲ್ಲ ಆದರೂ ನಮ್ಮ ಕೌಂಟರಿಗೆ ಬರುವ ಚೀಟಿಗಳಲ್ಲಿ ಬ್ರ್ಯಾಂಡ್ ಹೆಸರೇ ಜಾಸ್ತಿ. ಆಸ್ಪತ್ರೆ ಗೋಡೆ ಮೇಲೆ ಸುತ್ತೋಲೆ ಅಂಟಿಸಿದ ಮಾತ್ರಕ್ಕೆ ಪೆನ್ನು ಬದಲಾಗುವುದಿಲ್ಲ, ಅಲ್ವಾ?

ಎಲ್ಲಾ ತಪ್ಪು ಡಾಕ್ಟರುಗಳದ್ದೇ ಅನ್ನುವುದು ಸುಲಭ. ತಮ್ಮ ಬ್ರ್ಯಾಂಡ್ ಬರೆಸಲು ಬರುವ ಔಷಧಿ ಕಂಪನಿ ರೆಪ್‌ಗಳ ಓಡಾಟ ಇದೆ, ನಿಜ. ಕೈಗೆ ಕೂತ ಅಭ್ಯಾಸವೂ ಇದೆ. ಮೂರು ಔಷಧಿ ಸೇರಿದ ಮಾತ್ರೆಗೆ ಮೂರೂ ಹೆಸರು, ಮೂರೂ ಮಿಲಿಗ್ರಾಂ ಬರೆಯುತ್ತಾ ಕೂತರೆ ಹೊರಗೆ ಕ್ಯೂ ನಿಂತಿರುತ್ತದೆ. ಆದರೆ ಡಾಕ್ಟರುಗಳು ಹೇಳುವ ಒಂದು ಮಾತು ಮಾತ್ರ ನಮಗೇ ಚುಚ್ಚುತ್ತದೆ: ‘ನಾನು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಂತ ಬರೆದರೆ, ಯಾವ ಕಂಪನಿಯದು ಕೊಡಬೇಕು ಅಂತ ತೀರ್ಮಾನ ಮಾಡುವವನು ಅಂಗಡಿಯವನು. ಅವನು ತನಗೆ ಲಾಭ ಜಾಸ್ತಿ ಇರೋದನ್ನೇ ಕೊಡ್ತಾನೆ.’

ಈ ಮಾತಿಗೆ ನಮ್ಮ ಹತ್ತಿರ ಜವಾಬಿಲ್ಲ. ಜೆನೆರಿಕ್ ಅಂತ ಮಾರುವ ಎಷ್ಟೋ ಸ್ಟ್ರಿಪ್‌ಗಳ ಮೇಲೆ ಎಂಆರ್‌ಪಿ ದೊಡ್ಡದಾಗಿಯೇ ಅಚ್ಚಾಗಿರುತ್ತದೆ, ಅಂಗಡಿಗೆ ಬರುವ ಬೆಲೆ ಅದರ ಒಂದು ಪಾಲು ಅಷ್ಟೆ. ನಡುವಿನ ದುಡ್ಡು ರೋಗಿಗೆ ಉಳಿಯಬಹುದು, ಇಲ್ಲ ಗಲ್ಲಾಪೆಟ್ಟಿಗೆಗೆ ಬೀಳಬಹುದು. ಎಷ್ಟು ಎಲ್ಲಿಗೆ ಹೋಯಿತು ಅಂತ ಬಿಲ್ಲು ನೋಡಿ ಯಾರಿಗೂ ಗೊತ್ತಾಗುವುದಿಲ್ಲ. ಹೀಗಿರುವಾಗ ಡಾಕ್ಟರು ನಂಬಬೇಕು ಅಂದರೆ ಯಾಕೆ ನಂಬುತ್ತಾರೆ? ಅದಕ್ಕೇ ಲೆಕ್ಕವನ್ನು ಬಿಲ್ಲಿನಲ್ಲೇ ಇಡೋಣ ಅಂತ ತೀರ್ಮಾನಿಸಿದೆವು. 16 ಎಲ್ಲಿಂದ ಬಂತು ಅಂದರೆ, 2013ರ ಬೆಲೆ ನಿಯಂತ್ರಣ ಆದೇಶದಲ್ಲಿ ಅಗತ್ಯ ಔಷಧಿಗಳ ಗರಿಷ್ಠ ಬೆಲೆ ಕಟ್ಟುವಾಗ ಚಿಲ್ಲರೆ ಅಂಗಡಿಗೆ ಹಿಡಿದಿರುವ ಪಾಲು ಅಷ್ಟೇ. ಅದನ್ನೇ ಎಲ್ಲಾ ಜೆನೆರಿಕ್‌ಗೂ ಹಿಡಿದಿದ್ದೇವೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಮಾತು. ಡಾಕ್ಟರು ಬ್ರ್ಯಾಂಡ್ ಹೆಸರು ಬರೆದಿದ್ದರೆ, ‘ಇದರ ಬದಲು ಕಡಿಮೆದು ಕೊಡಿ’ ಅಂತ ದಯವಿಟ್ಟು ಒತ್ತಾಯ ಮಾಡಬೇಡಿ. ಚೀಟಿ ಇಲ್ಲದೆ ಮಾರುವಂತಿಲ್ಲದ ಶೆಡ್ಯೂಲ್ ಎಚ್ ಔಷಧಿಗಳಲ್ಲಿ ಬರೆದದ್ದನ್ನು ಬಿಟ್ಟು ಬೇರೆ ಕೊಡುವಂತಿಲ್ಲ, ಒಳಗಿನ ಔಷಧಿ ಒಂದೇ ಆದರೂ ಕೊಡುವಂತಿಲ್ಲ. ಕಾನೂನೇ ಹಾಗಿದೆ. ನಾವು ಮಾಡಬಹುದಾದದ್ದು ಇಷ್ಟು: ಆ ಬ್ರ್ಯಾಂಡಿನ ಮೂಲ ಹೆಸರು, ಡೋಸು, ನಮ್ಮಲ್ಲಿರುವ ಬೆಲೆ ಮೂರನ್ನೂ ಒಂದು ಸಣ್ಣ ಚೀಟಿಯಲ್ಲಿ ಬರೆದು ಕೊಡುತ್ತೇವೆ. ಮುಂದಿನ ಸಲ ಹೋದಾಗ ಡಾಕ್ಟರಿಗೆ ತೋರಿಸಿ, ಒಪ್ಪಿದರೆ ಹಾಗೇ ಬರೆಸಿಕೊಂಡು ಬನ್ನಿ. ಜಗಳ ಆಡಬೇಡಿ, ಸುಮ್ನೆ ಕೇಳಿ. ಕೇಳಿದರೆ ಬರೆದುಕೊಡುವ ಡಾಕ್ಟರುಗಳು ನಮ್ಮೂರಲ್ಲೂ ಇದ್ದಾರೆ.

ಬಣ್ಣದ ವಿಷಯ. ನಮ್ಮಲ್ಲಿಗೆ ಬರುವ ಒಬ್ಬ ಅಜ್ಜಿ ಎಲೆಅಡಿಕೆ ಚೀಲದಿಂದ ಖಾಲಿ ಸ್ಟ್ರಿಪ್ ತೆಗೆದು ಕೌಂಟರ್ ಮೇಲಿಟ್ಟು, ‘ಇದೇ ಕೊಡಪ್ಪ, ಬಣ್ಣ ಬೇರೆ ಆದ್ರೆ ನಾನು ನುಂಗಲ್ಲ’ ಅನ್ನುತ್ತಾರೆ. ತಮಾಷೆ ಅಲ್ಲ ಇದು. ಬಿಪಿ ಮಾತ್ರೆಯ ಆಕಾರ ಬದಲಾಯಿತು ಅಂತ ಹಳೇದು ಹೊಸದು ಎರಡನ್ನೂ ನುಂಗಿದರೆ ತಲೆ ಸುತ್ತಿ ಬೀಳಬಹುದು. ಹಾಗಾಗಿ ದಿನಾ ತೆಗೆದುಕೊಳ್ಳುವ ಮಾತ್ರೆಗೆ ಆದಷ್ಟು ಒಂದೇ ಕಂಪನಿಯದನ್ನು ತರಿಸುತ್ತೇವೆ, ಬದಲಾದ ದಿನ ಬಾಯಿಬಿಟ್ಟು ಹೇಳುತ್ತೇವೆ. ಸ್ಟ್ರಿಪ್ ಮೇಲೆ ಮೂಲ ಹೆಸರು ಬ್ರ್ಯಾಂಡ್ ಹೆಸರಿಗಿಂತ ದೊಡ್ಡದಾಗಿರಬೇಕು ಅನ್ನುವ ನಿಯಮ 2018ರಿಂದ ಇದೆ. ಬಣ್ಣ ಬಿಟ್ಟು ಆ ದೊಡ್ಡ ಹೆಸರು ನೋಡಿ. ಓದಲು ಬಾರದವರು ಮನೆ ಮಕ್ಕಳ ಕೈಲಿ ಓದಿಸಿ.

ಥೈರಾಯ್ಡ್, ಮೂರ್ಛೆ ರೋಗ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಕಂಪನಿ ಬದಲಿಸಬೇಡಿ. ಇವುಗಳಲ್ಲಿ ಡೋಸು ಸ್ವಲ್ಪ ಆಚೀಚೆ ಆದರೂ ತೊಂದರೆ. ನಾವೂ ಬದಲಿಸುವುದಿಲ್ಲ, ಸ್ಟಾಕ್ ಇಲ್ಲದಿದ್ದರೆ ಇಲ್ಲ ಅಂತಲೇ ಹೇಳುತ್ತೇವೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಮಾತ್ರೆಗೆ ನಮ್ಮಲ್ಲಿ ದುಡ್ಡು ಕೊಡಬೇಡಿ, ಮೊದಲು ಅಲ್ಲಿ ಕೇಳಿ.

ಷೇರುದಾರರಿಗೆ ಒಂದು ಮಾತು: ಈ ಲೆಕ್ಕದಲ್ಲಿ ಸಂಘದ ಲಾಭ ಕಡಿಮೆಯಾಗುತ್ತದೆ. ಈ ವರ್ಷದ ಡಿವಿಡೆಂಡ್ ಸಣ್ಣದಾದರೆ ವಾರ್ಷಿಕ ಸಭೆಯಲ್ಲಿ ಬೈಯಬಹುದು, ಲೆಕ್ಕದ ಪುಸ್ತಕ ಅಲ್ಲೇ ಮೇಜಿನ ಮೇಲಿರುತ್ತದೆ.

ಬ್ರ್ಯಾಂಡ್ ಔಷಧಿಗಳ ಬೆಲೆಯಲ್ಲಿ ಬದಲಾವಣೆ ಇಲ್ಲ. ಹಳೇ ಚೀಟಿ ಇರುವವರು ಈ ವಾರವೇ ತಂದು ತೋರಿಸಿದರೆ ಮೂಲ ಹೆಸರು ಬರೆದಿಡುತ್ತೇವೆ. ಸಂತೆ ದಿನ ಮಾತ್ರ ಬೇಡ, ಆವತ್ತು ಕೌಂಟರಿನಲ್ಲಿ ಉಸಿರಾಡಲೂ ಪುರಸೊತ್ತಿರುವುದಿಲ್ಲ.

ಇಂತಿ,
ನಿಮ್ಮ ಸಂಘದ ಮೆಡಿಕಲ್ ಅಂಗಡಿಯವರು