ಎಂಡ್ಯೂರೆನ್ಸ್ ಸವಾರಿಯ ಪ್ರಸಾರ: ಕ್ಯಾಮೆರಾ ಮೊದಲು ವೆಟ್ ಗೇಟಿಗೆ ಬರಲಿ

ಪ್ರಸಾರ ಖಾತೆಯ ಮಾನ್ಯ ಸಚಿವರಿಗೆ,

ದೂರದ ಕುದುರೆ ಸವಾರಿಯನ್ನು, ಅಂದರೆ ಎಂಡ್ಯೂರೆನ್ಸನ್ನು, ಟಿವಿಯಲ್ಲಿ ತೋರಿಸಿ ಎಂದರೆ ಸಿಗುವ ಉತ್ತರ ಒಂದೇ: ದಿನವಿಡೀ ಕುದುರೆ ಓಡುವುದನ್ನು ಯಾರು ನೋಡುತ್ತಾರೆ? ಯಾರೂ ನೋಡುವುದಿಲ್ಲ, ನಿಜ. ಅದನ್ನು ತೋರಿಸಬೇಕಾಗಿಯೂ ಇಲ್ಲ.

160 ಕಿ.ಮೀ. ಸ್ಪರ್ಧೆ ಒಂದೇ ಓಟವಲ್ಲ. ಅದು 40 ಕಿ.ಮೀ. ಮೀರದ ಸುತ್ತುಗಳಲ್ಲಿ ನಡೆಯುತ್ತದೆ. ಪ್ರತಿ ಸುತ್ತಿನ ಕೊನೆಗೆ ವೆಟ್ ಗೇಟ್, ಅಂದರೆ ಪಶುವೈದ್ಯರು ಕುದುರೆಯನ್ನು ತಪಾಸಣೆ ಮಾಡುವ ಜಾಗ. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ (ಎಫ್‌ಇಐ) ನಿಯಮದಂತೆ ಅಲ್ಲಿ ಕುದುರೆಯ ಹೃದಯಬಡಿತ ಸಾಮಾನ್ಯವಾಗಿ 15 ನಿಮಿಷದೊಳಗೆ ನಿಮಿಷಕ್ಕೆ 64ಕ್ಕೆ ಇಳಿಯಬೇಕು. ತಪಾಸಣೆಗೆ ಒಪ್ಪಿಸುವವರೆಗೂ ಸವಾರಿಯ ಗಡಿಯಾರ ನಿಲ್ಲುವುದಿಲ್ಲ. ಕಡ್ಡಾಯ ವಿಶ್ರಾಂತಿಯ ಲೆಕ್ಕ ಶುರುವಾಗುವುದು ಆಮೇಲೆ. ಹಾಗಾಗಿ ಎರಡು ನಿಮಿಷ ಮೊದಲು ಬಂದ ಕುದುರೆ ತಣಿಯಲು ನಾಲ್ಕು ನಿಮಿಷ ಹೆಚ್ಚು ತೆಗೆದುಕೊಂಡರೆ ಮುಂದಿನ ಸುತ್ತಿಗೆ ಹಿಂದೆ ಹೊರಡುತ್ತದೆ. ಜೀನು ಕಳಚು, ನೀರು ಸುರಿ, ಒರೆಸು, ಬಡಿತ ನೋಡು, ಮತ್ತೆ ಸುರಿ: ನಿಜವಾದ ಪೈಪೋಟಿ ಇದು. ಅವಸರಪಟ್ಟು 68ರಲ್ಲೇ ಒಪ್ಪಿಸಿದವರು ಒಂದು ಅವಕಾಶ ಕಳೆದುಕೊಳ್ಳುತ್ತಾರೆ.

ಆದ್ದರಿಂದ ಹೆಲಿಕಾಪ್ಟರ್ ಬೇಡ. ವೆಟ್ ಗೇಟಿನಲ್ಲಿ ಮೂರು ಸ್ಥಿರ ಕ್ಯಾಮೆರಾ ಸಾಕು: ಒಳಬರುವ ಗೆರೆಗೆ ಒಂದು, ತಣಿಸುವ ಜಾಗಕ್ಕೆ ಒಂದು, ಕುದುರೆಯನ್ನು ಟ್ರಾಟ್ ಎಂಬ ಲಘು ಓಟದಲ್ಲಿ ಓಡಿಸಿ ಕುಂಟು ನೋಡುವ ಪಥದ ತುದಿಗೆ ಇನ್ನೊಂದು. ಕೊನೆಯದನ್ನು ಬದಿಯಲ್ಲಿಟ್ಟರೆ ಕುಂಟುವಾಗ ತಲೆ ಮೇಲೆ ಕೆಳಗೆ ಆಡುವುದು ಕಂಡೀತು. ಪೃಷ್ಠದ ಎರಡು ಬದಿ ಏರುಪೇರಾಗುವುದು ಕಾಣಬೇಕಾದರೆ ನೇರ ಹಿಂದಿನಿಂದಲೇ ಹಿಡಿಯಬೇಕು. ಪರದೆಯ ಮೂಲೆಯಲ್ಲಿ ಎರಡೇ ಅಂಕಿ ಇರಲಿ: ಬಡಿತ, ಉಳಿದ ಸಮಯ. ಅಷ್ಟಿದ್ದರೆ ಕುದುರೆ ಮುಟ್ಟಿಯೇ ನೋಡದವರಿಗೂ ಆಟ ಅರ್ಥವಾಗುತ್ತದೆ.

ಹಾದಿಯಲ್ಲಿ ಜಿಪಿಎಸ್ ನಕ್ಷೆ ಸಾಕು. ಕಾಡು, ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಕಡಿದಾಗ ಚುಕ್ಕೆ ನಿಂತುಬಿಡುತ್ತದೆ, ಕುದುರೆ ಬಿದ್ದಿತೇನೋ ಎಂದು ನೋಡುಗರು ಗಾಬರಿಯಾಗುತ್ತಾರೆ. ಕೊನೆಯ ಸಂಕೇತ ಬಂದ ಹೊತ್ತನ್ನೂ ಪಕ್ಕದಲ್ಲೇ ತೋರಿಸಬೇಕು. ಡ್ರೋನ್ ತಲೆಯ ಮೇಲೆ ಹಾರಿದರೆ ಕುದುರೆ ಬೆದರುತ್ತದೆ, ಬಡಿತ ಏರುತ್ತದೆ. ವೆಟ್ ಗೇಟಿನ ಮೇಲಂತೂ ಅದನ್ನು ನಿಷೇಧಿಸಲೇಬೇಕು. ಹಿಂಬಾಲಿಸುವ ಜೀಪು ಎಬ್ಬಿಸುವ ಧೂಳು ಹಿಂದಿನ ಕುದುರೆಗಳ ಶ್ವಾಸಕ್ಕೆ ಹೋಗುತ್ತದೆ.

ಇಡೀ ದಿನದ ನೇರಪ್ರಸಾರ ನಾವು ಕೇಳುತ್ತಿಲ್ಲ. ಕೊನೆಯ ವೆಟ್ ಗೇಟಿನಿಂದ ಅಂತಿಮ ತಪಾಸಣೆಯವರೆಗೆ ನೇರವಾಗಿ ತೋರಿಸಿ, ಉಳಿದದ್ದನ್ನು ಒಂದು ಗಂಟೆಯ ಕಾರ್ಯಕ್ರಮವಾಗಿ ಕತ್ತರಿಸಿ ಮರುದಿನ ಕೊಡಿ. ಗೆರೆ ದಾಟಿದ ಕೂಡಲೇ ಪ್ರಸಾರ ಮುಗಿಸಬೇಡಿ. ಮೊದಲು ದಾಟಿದ ಕುದುರೆ ಅಂತಿಮ ತಪಾಸಣೆಯಲ್ಲಿ ಹೊರಬೀಳುವುದುಂಟು.

ಒಂದು ಷರತ್ತನ್ನು ಮಾತ್ರ ಒಪ್ಪಂದದಲ್ಲೇ ಬರೆಸಿ: ಕುಂಟಿನಿಂದಲೋ ನಿರ್ಜಲೀಕರಣದಿಂದಲೋ ಹೊರಬಿದ್ದ ಕುದುರೆಗಳ ದೃಶ್ಯವನ್ನು ಆಯೋಜಕರು ಕತ್ತರಿಸುವಂತಿಲ್ಲ. ಈ ಕ್ರೀಡೆಯ ಮೇಲಿರುವ ಅನುಮಾನ ಹುಟ್ಟಿದ್ದೇ ಅಲ್ಲಿಂದ.

ಇಂತಿ,
ದೂರದ ಸವಾರಿಯ ಸವಾರರು, ತಂಡದವರು ಮತ್ತು ಪಶುವೈದ್ಯರು