ಇವರು ನಿನಗೆ ಏನಾಗಬೇಕು?

ಪ್ರೀತಿಯ ಗೆಳೆಯಾ,

ನಿನ್ನ ಲಖನೌ ಸೊಸೆ ಬೀಗರೂಟದ ದಿನ ಒಳ್ಳೆಯ ಪ್ರಶ್ನೆ ಕೇಳಿದಳು. ಚಿಕ್ಕಪ್ಪನ ಮಗಳು ತಂಗಿ ಆಗುವುದಾದರೆ ಸೋದರತ್ತೆ ಮಗಳು ಯಾಕೆ ಆಗುವುದಿಲ್ಲ? ಅವರ ಕಡೆ ಇಬ್ಬರೂ ತಂಗಿಯರೇ. ಊಟದ ಗಲಾಟೆಯಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ನಮ್ಮ ಹಾಸನದ ಹುಡುಗರೂ ಓದಿಕೊಳ್ಳಲಿ.

ನಮ್ಮಲ್ಲಿ ಅಪ್ಪನ ಅಣ್ಣತಮ್ಮಂದಿರೂ ಅಪ್ಪಂದಿರೇ, ಅಮ್ಮನ ಅಕ್ಕತಂಗಿಯರೂ ಅಮ್ಮಂದಿರೇ. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ. ಅವರ ಮಕ್ಕಳೆಲ್ಲ ಒಡಹುಟ್ಟಿದವರ ಹಾಗೆ. ಅಪ್ಪನ ಅಕ್ಕತಂಗಿಯರು, ಅಮ್ಮನ ಅಣ್ಣತಮ್ಮಂದಿರು ಬಂದಾಗ ವರಸೆ, ಅಂದರೆ ನೆಂಟಸ್ತಿಕೆಯ ಲೆಕ್ಕ, ಬದಲಾಗುತ್ತದೆ. ಅವರು ಅತ್ತೆ, ಮಾವ. ಅವರ ಮಕ್ಕಳು ಭಾವ, ಬಾಮೈದ, ಅತ್ತಿಗೆ, ನಾದಿನಿ. ಅಂದರೆ ಹೆಣ್ಣು ಕೊಟ್ಟು ತರುವ ಮನೆಯವರು. ಹೆಂಡತಿಯ ಅಪ್ಪನೂ ಮಾವನೇ ಆಗೋದು ಅದಕ್ಕೇ. 1955ರ ಹಿಂದೂ ವಿವಾಹ ಕಾಯ್ದೆ ಅಣ್ಣ-ತಂಗಿಯ ಮಕ್ಕಳ ಮದುವೆ ಬೇಡ ಅನ್ನುತ್ತದೆ, ರೂಢಿ ಇದ್ದವರನ್ನು ಮಾತ್ರ ಬಿಡುತ್ತದೆ. ಆ ಮದುವೆಗಳು ಕಡಿಮೆಯಾಗಲಿ ಅನ್ನುವವನು ನಾನೂ. ಆದರೆ ವರಸೆ ಉಳಿಯಬೇಕು. 1871ರಲ್ಲೇ ಅಮೆರಿಕದ ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ ತಮಿಳು, ತೆಲುಗು, ಕನ್ನಡದ ನೆಂಟಸ್ತಿಕೆಯ ಹೆಸರುಗಳನ್ನು ಅಚ್ಚು ಹಾಕಿಸಿದ್ದ. ಅಲ್ಲಿನ ಮೂಲನಿವಾಸಿಗಳಾದ ಸೆನೆಕಾ ಜನರ ವರಸೆಗೂ ತಮಿಳರ ವರಸೆಗೂ ಎಷ್ಟೊಂದು ಹೋಲಿಕೆ ಇದೆ ಅಂತ ತೋರಿಸಿದ್ದ.

ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಲಿಲ್ಲ. ಹಾಸನದಲ್ಲಿ ಬಸ್ ಹತ್ತಿ, ಪಕ್ಕದವನನ್ನು "ಯಾವೂರು? ಯಾರ ಮನೆ?" ಅಂತ ಕೇಳುತ್ತಿದ್ದರು. ಬಾಳ್ಳುಪೇಟೆ ಬರುವಷ್ಟರಲ್ಲಿ ತೀರ್ಪು ಬರುತ್ತಿತ್ತು. "ನಿಮ್ಮಪ್ಪ ನಂಗೆ ವರಸೇಲಿ ಅಣ್ಣ. ಹಂಗಾದ್ರೆ ನೀನು ಅಳಿಯ ಆಗ್ಬೇಕು ಕಣಪ್ಪ."

ಮೊನ್ನೆ ಸಕಲೇಶಪುರದಲ್ಲಿ ನಮ್ಮಣ್ಣನ ಮಗ ಸಿಕ್ಕಿದ್ದ. ಜೊತೆಗಿದ್ದ ಹುಡುಗ, "ಇವರು ನಿಂಗೆ ಏನಾಗ್ಬೇಕು?" ಅಂದ. ಇವನು "ನಮ್ಮಪ್ಪನ ತಮ್ಮ" ಅಂದ.

ತಪ್ಪೇನಿಲ್ಲ, ಅಲ್ವಾ? ಆದರೆ ಚಿಕ್ಕಪ್ಪ ಅನ್ನಲಿಲ್ಲ. ತೋಟ ಪಾಲಾದ ಮೇಲೆ ಅಣ್ಣನಿಗೂ ನನಗೂ ಮಾತು ಕಡಿಮೆ, ನಿನಗೆ ಗೊತ್ತು. ಕಾಫಿ ಹಂಚಿಕೊಂಡೆವು, ಮೆಣಸು ಹಂಚಿಕೊಂಡೆವು. ಈ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ಸುತ್ತಿಸಿದವನು ನಾನು. ದಾಯಾದಿ ಅಂತ ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ ಮಾರಾಯ.

ನನ್ನದು ಒಂದೇ ಮಗು. ನನ್ನ ಮಗಳಿಗೆ ಅಣ್ಣ ಅಂತ ಇರುವವನು ಅವನೊಬ್ಬನೇ. ನಾಳೆ ಅವಳ ಮಗಳನ್ನು ಸೋದರಮಾವನಾಗಿ ಹಸೆಮಣೆಗೆ ಕರೆತರಬೇಕಾದವನೂ ಅವನೇ. ಅವಳನ್ನೂ ಅವನು "ನಮ್ಮಪ್ಪನ ತಮ್ಮನ ಮಗಳು" ಅಂದುಬಿಟ್ಟರೆ ಏನು ಮಾಡಲಿ? ಅಣ್ಣನಿಗೆ ಫೋನ್ ಮಾಡಬೇಕು ಅಂತ ದಿನಾ ಅಂದುಕೊಳ್ಳುತ್ತೇನೆ.

ಇರಲಿ ಬಿಡು, ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಹಾಸನಾಂಬೆ ಬಾಗಿಲು ತೆರೆದಾಗ ಎಲ್ಲರೂ ಬನ್ನಿ. ಗುಡಿಯಲ್ಲಿ ಸೊಸೆ ಕಲ್ಲು ವರ್ಷಕ್ಕೊಂದು ಅಕ್ಕಿ ಕಾಳಿನಷ್ಟು ದೇವಿಯ ಹತ್ತಿರ ಸರಿಯುತ್ತದೆ ಅನ್ನುವ ಕಥೆಯನ್ನು ನಿನ್ನ ಹೆಂಡತಿಯೇ ಸೊಸೆಗೆ ಹೇಳಲಿ. ಸಾಲು ಉದ್ದ ಇರುತ್ತದೆ, ಬೆಳಗಿನ ಜಾವವೇ ಹೊರಡೋಣ.

ನಿನ್ನವನೇ